ಬುದ್ಧಿಯ ಅಂಕವೂ ಆಟದ ಅಂಗಳವೂ

ದನದ ಜಾತ್ರೆಗೆ ಹೋದ ರೈತನು ಎತ್ತನ್ನು ಮೂರು ಬಗೆಯಾಗಿ ಪರೀಕ್ಷಿಸುತ್ತಾನೆ. ಮೊದಲು ಬಾಯಿ ತೆರೆಯಿಸಿ ಹಲ್ಲನ್ನು ನೋಡುತ್ತಾನೆ. ಬಳಿಕ ಮೈಮೇಲಿನ ಸುಳಿಗಳನ್ನು ಹುಡುಕುತ್ತಾನೆ. ಕೊನೆಗೆ ನೊಗ ಹೂಡಿಸಿ ನಾಲ್ಕು ಹೆಜ್ಜೆ ನಡೆಯಿಸುತ್ತಾನೆ. ಹಲ್ಲು ಪ್ರಾಯವನ್ನು ತಿಳಿಸುವುದು. ಅದರ ಸಾಕ್ಷ್ಯ ಬಲವಾದುದು. ಸುಳಿಯ ಮಾತು ನಂಬಿದವನಿಗೆ ಮಾತ್ರ. ಎಳೆಯುವ ಶಕ್ತಿಯನ್ನು ತಿಳಿಸುವುದು ನೊಗವೊಂದೇ. ಅಮೃತಮಹಲ್ ಕಾವಲುಗಳನ್ನು ಕಂಡ ಈ ಸೀಮೆಯಲ್ಲಿ, ಹಿರಿಯೂರಿನವನಾಗಲಿ ಹೊಸದುರ್ಗದವನಾಗಲಿ, ಒಕ್ಕಲಿಗನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಮಕ್ಕಳ ವಿಷಯಕ್ಕೆ ಬಂದಾಗ ಸುಶಿಕ್ಷಿತರಿಗೂ ಹಲ್ಲು ಯಾವುದು, ಸುಳಿ ಯಾವುದು, ನೊಗ ಯಾವುದು ಎಂಬ ವಿವೇಕ ತಪ್ಪುವುದುಂಟು. ಬುದ್ಧಿಮಾಪನದ ಅಂಕವನ್ನು ನೋಡಿ ಒಬ್ಬ ಹುಡುಗನು ಆಟದಲ್ಲಿ ಮುಂದೆ ಬರುವನೇ ಇಲ್ಲವೇ ಎಂದು ಹೇಳಬಹುದೋ ಎಂಬ ಪ್ರಶ್ನೆಯು ಈ ಜಾತಿಯದು.

ಬುದ್ಧಿಮಾಪನದ ಇತಿಹಾಸ ದೀರ್ಘವಾದುದಲ್ಲ. 1905ರಲ್ಲಿ ಪ್ಯಾರಿಸ್ ನಗರದ ಆಲ್ಫ್ರೆಡ್ ಬಿನೆ ಎಂಬ ಪಂಡಿತನು ಸಿಮೋನನೊಡಗೂಡಿ ಮೊದಲ ಪ್ರಶ್ನಾವಳಿಯನ್ನು ರಚಿಸಿದನು. ಪಾಠದಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ, ಅವರಿಗೆ ತಕ್ಕ ಸಹಾಯವನ್ನು ಒದಗಿಸಬೇಕೆಂಬುದೇ ಅದರ ಉದ್ದೇಶವಾಗಿದ್ದಿತು. ಕನ್ನಡನಾಡಿಗೂ ಈ ವಿದ್ಯೆಯು ಬೇಗನೆ ಬಂದಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಅಭ್ಯಾಸಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದವರೂ ಅವರೇ. ವಿ. ವಿ. ಕಾಮತರು ಬಿನೆಯ ಪ್ರಶ್ನೆಗಳನ್ನು ಕನ್ನಡ, ಮರಾಠಿ ಮಾತನಾಡುವ ಮಕ್ಕಳಿಗೆ ಒಗ್ಗುವಂತೆ ತಿದ್ದಿ, 1940ರಲ್ಲಿ ಆ ಕುರಿತು ಗ್ರಂಥವನ್ನು ಪ್ರಕಟಿಸಿದರು. ಪ್ಯಾರಿಸ್ಸಿನ ಮಗು ಕಂಡುದನ್ನು ಇಲ್ಲಿಯ ಮಗು ಕಂಡಿರಲಾರದು. ಆದಕಾರಣ ಪ್ರಶ್ನೆಯನ್ನೇ ಬದಲಾಯಿಸಬೇಕಾಯಿತು. ಕೇಳುವ ಪ್ರಶ್ನೆಗೆ ತಕ್ಕಂತೆ ಅಂಕವು ಹುಟ್ಟುವುದೆಂಬುದು ಇದರಿಂದಲೇ ಸ್ಪಷ್ಟವಾಗುವುದು.

ಈ ಅಂಕವನ್ನು ಆಟಗಾರರ ಆಯ್ಕೆಗೆ ಹಚ್ಚಿ ನೋಡಿದವರು ಅಮೆರಿಕನ್ನರು. ಅವರ ಫುಟ್‌ಬಾಲು ಇಲ್ಲಿಯ ಕಾಲ್ಚೆಂಡಲ್ಲ. ಕೈಯಲ್ಲಿ ಚೆಂಡು ಹಿಡಿದು ನುಗ್ಗುವ, ವ್ಯೂಹ ಕಟ್ಟಿ ಕಾದಾಡುವ ಆಟ. ವೃತ್ತಿನಿರತ ಪಂಗಡಗಳಿಗೆ ಸೇರಬಯಸುವ ತರುಣರಿಗೆ ವಂಡರ್ಲಿಕ್ ಎಂಬ ಪರೀಕ್ಷೆಯನ್ನು ಕೊಡುವ ಪದ್ಧತಿ ಅಲ್ಲಿ ಹಲವು ದಶಕಗಳ ಕಾಲ ಇದ್ದಿತು: 12 ನಿಮಿಷಗಳಲ್ಲಿ 50 ಪ್ರಶ್ನೆ. ಐವತ್ತಕ್ಕೆ ಐವತ್ತನ್ನೂ ಪಡೆದವನೆಂದು ಪ್ರಸಿದ್ಧನಾದ ಪ್ಯಾಟ್ ಮೆಕಿನಾಲಿಯು ಒಳ್ಳೆಯ ಆಟಗಾರನೇ ಆದನು. ಆದರೆ ಹದಿನೈದು ಹದಿನಾರರ ಆಸುಪಾಸಿನಲ್ಲಿ ನಿಂತನೆಂದು ಪತ್ರಿಕೆಗಳು ಬರೆದ ಡ್ಯಾನ್ ಮರೀನೋ 1984ರಲ್ಲಿ, ಒಂದೇ ಋತುವಿನಲ್ಲಿ 5,000 ಗಜಗಳಿಗೂ ಮಿಕ್ಕು ಚೆಂಡನ್ನು ಎಸೆದು ಮುಟ್ಟಿಸಿದ ಮೊದಲಿಗನೆನಿಸಿದನು. ಮುಂದೆ 2009ರಲ್ಲಿ ಕೆಲವು ವಿದ್ವಾಂಸರು 762 ಆಟಗಾರರ ಅಂಕವನ್ನೂ ಆಟವನ್ನೂ ಎದುರುಬದುರಾಗಿಟ್ಟು ತೂಗಿದರು. ಎರಡಕ್ಕೂ ನಡುವೆ ಹೇಳಿಕೊಳ್ಳುವಂಥ ಸಂಬಂಧವೇ ಕಾಣಲಿಲ್ಲ. 2022ರಲ್ಲಿ ಅಲ್ಲಿಯ ಲೀಗು ಈ ಪರೀಕ್ಷೆಯನ್ನು ಕೈಬಿಟ್ಟಿತು.

ತರ್ಕಶಾಸ್ತ್ರದ ಮೊದಲ ಪಾಠವನ್ನು ಓದಿದವನಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ಯುಕ್ತ. ಏಕೆಂದರೆ ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುವುದೆಂಬ ವ್ಯಾಪ್ತಿಯು ಸಿದ್ಧವಾಗಿದೆ. ಹೆಚ್ಚು ಅಂಕವಿದ್ದಲ್ಲೆಲ್ಲ ಆಟವೂ ಹೆಚ್ಚೆಂಬ ವ್ಯಾಪ್ತಿಯನ್ನು ಯಾರು ಸಾಧಿಸಿದ್ದಾರೆ? ಅಂಕವಿದ್ದೂ ಆಟವಿಲ್ಲದವರುಂಟು, ಅಂಕವಿಲ್ಲದೆಯೂ ಆಟವುಳ್ಳವರುಂಟು. ಹೀಗೆ ಎರಡು ಕಡೆಗೂ ಸಲ್ಲುವ ಹೇತುವನ್ನು ನೈಯಾಯಿಕರು ಸವ್ಯಭಿಚಾರವೆಂದು ತಳ್ಳಿಹಾಕುವರು.

ಆದರೆ ಇಷ್ಟರಿಂದಲೇ ಆಟಕ್ಕೆ ಬುದ್ಧಿ ಬೇಡವೆಂದು ನಿರ್ಣಯಿಸುವುದು ಮತ್ತೊಂದು ದುಡುಕು. ಹೊಳಲ್ಕೆರೆಯ ಕಡೆ ಅಡಕೆಯನ್ನು ಆರಿಸಿ ಬೇರೆ ಬೇರೆ ರಾಶಿ ಮಾಡುವುದನ್ನು ಎಲ್ಲರೂ ಬಲ್ಲರು. ಒಮ್ಮೆ ಆರಿಸಿಟ್ಟ ರಾಶಿಯೊಳಗೆ ಗಾತ್ರದ ಭೇದ ಉಳಿಯುವುದು ಅತ್ಯಲ್ಪ. ಆ ಅಲ್ಪ ಭೇದವನ್ನು ಹಿಡಿದು ಒಂದೊಂದು ಅಡಕೆಗೆ ಬೇರೆ ಬೇರೆ ಬೆಲೆ ಕಟ್ಟಲಾಗದು. ಹಾಗೆಂದು ಗಾತ್ರಕ್ಕೆ ಬೆಲೆಯೇ ಇಲ್ಲವೆಂದು ಹೇಳಲೂ ಬಾರದು. ಅಮೆರಿಕದಲ್ಲಿ ಪರೀಕ್ಷೆಗೆ ಕುಳಿತವರೆಲ್ಲರೂ ಹತ್ತಾರು ವರ್ಷ ಆಡಿ, ಸಾವಿರಾರು ಜನರ ನಡುವಿನಿಂದ ಆರಿಸಲ್ಪಟ್ಟು ಬಂದವರು. ಎದುರಾಳಿಯ ವ್ಯೂಹವನ್ನು ತಿಳಿಯಲಾರದ ಮಂದನು ಅಷ್ಟು ದೂರ ಬರುವ ಮೊದಲೇ ಹಿಂದೆ ಉಳಿದಿರುವನು.

ಇದಕ್ಕೆ ಅನುಗುಣವಾದ ಇನ್ನೊಂದು ಮಾತೂ ಉಂಟು. ಸ್ವೀಡನ್ ದೇಶದ ಕರೋಲಿನ್ಸ್ಕಾ ಸಂಸ್ಥೆಯ ವಿದ್ವಾಂಸರು 2012ರಲ್ಲಿ ಕಾಲ್ಚೆಂಡಿನ ಆಟಗಾರರನ್ನೇ ಪರೀಕ್ಷಿಸಿದರು. ಅವರು ಅಳೆದುದು ಬೇರೊಂದು ಗುಣವನ್ನು: ಹಿಡಿದ ದಾರಿಯನ್ನು ಕ್ಷಣದಲ್ಲಿ ಬಿಟ್ಟು ಹೊಸ ದಾರಿಯನ್ನು ಹುಡುಕುವ ಚುರುಕನ್ನು. ಮೇಲಿನ ಶ್ರೇಣಿಯವರು ಕೆಳಗಿನ ಶ್ರೇಣಿಯವರಿಗಿಂತ ಇದರಲ್ಲಿ ಮುಂದಿದ್ದರು. ಹೆಚ್ಚು ಚುರುಕು ತೋರಿದವರು ಮುಂದಿನ ಋತುಗಳಲ್ಲಿ ಹೆಚ್ಚು ಗೋಲುಗಳಿಗೆ ಕಾರಣರಾದರು. ಆ ಚುರುಕು ಹುಟ್ಟಿನಿಂದ ಬಂದುದೋ, ವರ್ಷಗಟ್ಟಲೆ ಆಡಿದುದರಿಂದ ಬೆಳೆದುದೋ ಎಂಬುದನ್ನು ಅಂಥ ಪರೀಕ್ಷೆಯೊಂದೇ ಬಿಡಿಸಿ ಹೇಳಲಾರದು. ಅಂತೂ ಬುದ್ಧಿಯು ಒಂದೇ ಗಡಿಗೆಯ ನೀರಲ್ಲವೆಂಬುದು ನಿಶ್ಚಯ.

ಕನ್ನಡನಾಡಿನ ಅಂಗಳವೇ ಇದಕ್ಕೆ ಸಾಕ್ಷಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಪಂಗಡದ ಬಹುಮಂದಿ ಬರಿಗಾಲಿನಲ್ಲಿ ಆಡಿದರು. ಫ್ರಾನ್ಸಿನ ಎದುರು ಭಾರತವು 2-1ರಿಂದ ಸೋತರೂ, ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ಪಂಗಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಪಂಗಡದ ಪಂಚಪಾಂಡವರಲ್ಲಿ ಒಬ್ಬರೆನಿಸಿದರು. ಕ್ರಿಕೆಟ್ಟಿನ ಕಡೆ ನೋಡಿದರೆ, ಬಾಲ್ಯದ ಪೋಲಿಯೋದಿಂದ ಬಲಗೈ ಸೊರಗಿದ ಬಿ. ಎಸ್. ಚಂದ್ರಶೇಖರರು ಅದೇ ಕೈಯಿಂದ 242 ಟೆಸ್ಟ್ ವಿಕೆಟ್ಟುಗಳನ್ನು ಪಡೆದರು. ಕೈಯನ್ನು ಅಳೆದು ಆರಿಸುವವನು ಅವರನ್ನು ಬಾಗಿಲಲ್ಲಿಯೇ ತಡೆಯುತ್ತಿದ್ದನು. ಅವರ ಜೊತೆಗಾರರಾದ ಪ್ರಸನ್ನರು ಇಂಜಿನಿಯರಿಂಗ್ ಓದಿಗಾಗಿ ಕೆಲವು ವರ್ಷ ದೊಡ್ಡ ಆಟದಿಂದ ದೂರವಿದ್ದು, ಮರಳಿ ಬಂದು ಮತ್ತೆ ಮೆರೆದರು. 619 ವಿಕೆಟ್ಟುಗಳ ಅನಿಲ್ ಕುಂಬ್ಳೆಯವರೂ ಇಂಜಿನಿಯರಿಂಗ್ ಪದವೀಧರರೇ. ಓದು ಆಟಕ್ಕೆ ಮೂಲವೂ ಅಲ್ಲ, ಶತ್ರುವೂ ಅಲ್ಲ.

ಕಾವ್ಯವು ಹೇಗೆ ಹುಟ್ಟುವುದೆಂದು ವಿಚಾರಿಸಿದ ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಎಂದು ಮೂರನ್ನು ಹೆಸರಿಸಿ, ಈ ಮೂರು ಕೂಡಿ ಒಂದೇ ಹೇತುವೆಂದನು. ಬಿಡಿಬಿಡಿಯಾಗಿ ಮೂರು ಹೇತುಗಳೆನ್ನಲಿಲ್ಲ. ಆಟಕ್ಕೂ ಈ ಮಾತು ಸಲ್ಲುವುದು. ಹನ್ನೆರಡು ನಿಮಿಷದ ಕಾಗದವು ಶಕ್ತಿಯ ಒಂದು ಅಂಚನ್ನು ಮುಟ್ಟೀತು. ಮಳೆಯಲ್ಲಿ ಬಿದ್ದು ಬಿಸಿಲಲ್ಲಿ ಎದ್ದು ಗಳಿಸುವ ಅಭ್ಯಾಸವನ್ನು ಅದು ಎಲ್ಲಿಂದ ಕಾಣಬೇಕು?

ಈ ವಿಚಾರವು ದೂರದ ಅಮೆರಿಕಕ್ಕೆ ಸೇರಿದುದೆಂದು ಎಣಿಸಬಾರದು. ಓದು ಹತ್ತಿದವನಿಗೆ ಪುಸ್ತಕ, ಹತ್ತದವನಿಗೆ ಚೆಂಡು ಎಂದು ಮಕ್ಕಳನ್ನು ಹಂಚುವ ವಾಡಿಕೆ ತಿಳಿದವರ ಮನೆಗಳಲ್ಲಿಯೇ ಹೆಚ್ಚು. ಇದರಿಂದ ಇಬ್ಬರಿಗೂ ಅನ್ಯಾಯ. ಜಾಣನೆನಿಸಿದವನು ಕಿಟಕಿಯಿಂದ ಅಂಗಳವನ್ನು ನೋಡುತ್ತ ಬೆಳೆಯುವನು. ದಡ್ಡನೆನಿಸಿದವನ ಕೈಯಿಂದ ಪುಸ್ತಕವು ಜಾರುವುದು. ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ಓಡುವ ನೂರು ಮಂದಿಯಲ್ಲಿ ಆಟದಿಂದಲೇ ಅನ್ನ ಕಾಣುವವರು ಬೆರಳೆಣಿಕೆಯವರು. ಮಿಕ್ಕವರಿಗೆ ಮುಂದೆ ಆಸರೆಯಾಗುವುದು ಆ ಪುಸ್ತಕವೇ. ಅಂಕವು ಕಡಮೆಯಾದ ಮಗುವಿಗೆ ಪಾಠವನ್ನು ಹೆಚ್ಚಿಸಿ ಹೇಳಬೇಕೆಂಬುದು ಬಿನೆಯ ಆಶಯ, ಪಾಠವನ್ನು ಬಿಡಿಸಬೇಕೆಂಬುದಲ್ಲ. ಅಂಕವನ್ನು ಉಪಾಧ್ಯಾಯರು ತಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಂಡು ಆ ಮಗುವಿಗೆ ನೆರವಾಗಲಿ. ಅದನ್ನು ಮಗುವಿನ ಹೆಸರಿಗೆ ಅಂಟಿಸದಿರಲಿ. ಸಂಜೆ ಗಂಟೆ ಹೊಡೆದ ಮೇಲೆ ಶಾಲೆಯ ಅಂಗಳವು ಎಲ್ಲ ಮಕ್ಕಳಿಗೂ ತೆರೆದಿರಲಿ. ದೀಪ ಹಚ್ಚಿದ ಮೇಲೆ ಪುಸ್ತಕವೂ ಹಾಗೆಯೇ ಎಲ್ಲರಿಗೂ ತೆರೆದಿರಲಿ.