ಚಿಟ್ಟಿಗೆ ಎಷ್ಟು ಹತ್ತಿರ?

ಅಜ್ಜನ ಓದುವ ಕನ್ನಡಕ ಮತ್ತು ಚಲನಚಿತ್ರ ಕ್ಯಾಮೆರಾದ ಕ್ಲೋಸ್‌ಅಪ್ ಫಿಲ್ಟರ್ ಒಂದೇ ಕುಲದವು. ಎರಡೂ ಪೀನ ಮಸೂರಗಳೇ. ಎರಡರ ಸಾಮರ್ಥ್ಯವನ್ನೂ ಡಯಾಪ್ಟರಿನಲ್ಲೇ ಅಳೆಯುತ್ತಾರೆ. ಮೀಟರಿನಲ್ಲಿ ಹೇಳಿದ ಸಂಗಮದೂರದ ವ್ಯುತ್ಕ್ರಮವೇ ಡಯಾಪ್ಟರ್. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಈ ಸೂತ್ರ ಮುಂದೆ ಎಲ್ಲಿ ಒದಗೀತು ಎಂದು ಕೇಳುವ ಮಕ್ಕಳಿಗೆ ಕಾಸರಗೋಡು ಕಡೆಯ ಸಾಕ್ಷ್ಯಚಿತ್ರಕಾರನೊಬ್ಬನ ಅನುಭವ ಉತ್ತರವಾಗಬಲ್ಲದು.

ಕನ್ನಡ ಮಾಧ್ಯಮದಲ್ಲಿ ಓದಿದ ಆ ಯುವಕನ ಬಳಿ 16 ಮಿ.ಮೀ. ಚಿತ್ರೀಕರಣಕ್ಕೆಂದು ತಯಾರಾದ ಹಳೆಯ ಆಂಜೆನಿಯು 12–120 ಮಿ.ಮೀ. ಜೂಮ್ ಲೆನ್ಸ್ ಇತ್ತು. ಹತ್ತು ಪಟ್ಟು ಜೂಮ್ ಲೆನ್ಸನ್ನು ರೂಪಿಸಿದ್ದಕ್ಕಾಗಿ ಫ್ರಾನ್ಸಿನ ಪಿಯರ್ ಆಂಜೆನಿಯು ಅವರಿಗೆ 1964ರ ಸಾಲಿನ ಆಸ್ಕರ್ ತಾಂತ್ರಿಕ ಪ್ರಶಸ್ತಿ ಸಂದಿತ್ತು. ಇಂತಹ ಲೆನ್ಸಿಗೂ ಒಂದು ಮಿತಿಯುಂಟು: ಸುಮಾರು ಒಂದೂವರೆ ಮೀಟರಿಗಿಂತ ಹತ್ತಿರದ ವಸ್ತು ಅದಕ್ಕೆ ಸ್ಪಷ್ಟವಾಗಿ ಕಾಣದು. ಯುವಕನಿಗೆ ಬೇಕಾಗಿದ್ದುದು ತೆಂಕುತಿಟ್ಟಿನ ಬಣ್ಣದ ವೇಷಧಾರಿ ತನ್ನ ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣದ ಮಿಶ್ರಣದಿಂದ ಚಿಟ್ಟಿ ಇಡುವ ದೃಶ್ಯ. ಹಿರಿಯ ಕಲಾವಿದರು ಒಪ್ಪಿದ್ದು ಒಂದೇ ರಾತ್ರಿಗೆ.

ಸಂಖ್ಯೆ ದೊಡ್ಡದಾದಷ್ಟೂ ಫಿಲ್ಟರ್ ಉತ್ತಮವೆಂಬುದು ರೂಢಿಯ ಮಾತು. ಎರವಲು ತಂದ +2 ಫಿಲ್ಟರನ್ನು ಯುವಕ ಮೊದಲು ಮನೆಯಲ್ಲಿ ಪರೀಕ್ಷಿಸಿದ. ಕನ್ನಡಿಯ ಮುಂದೆ ಕುಂಕುಮ ಇಡುತ್ತಿದ್ದ ತಾಯಿಯ ಮುಖಕ್ಕೆ ಕ್ಯಾಮೆರಾದ ನೆರಳು ಬಿತ್ತು. “ಮಗಾ, ನೀನು ಇಷ್ಟು ಹತ್ತಿರ ನಿಂತರೆ ನನಗೆ ಕನ್ನಡಿ ಕಾಣುವುದು ಹೇಗೆ?” ಎಂದರು ಅವರು.

ಆಮೇಲೆ ಅವನು ಲೆಕ್ಕ ಹಾಕಿದ. ಲೆನ್ಸನ್ನು ಅನಂತ ದೂರಕ್ಕೆ ಹೊಂದಿಸಿದಾಗ +½ ಫಿಲ್ಟರಿನೊಂದಿಗೆ 2 ಮೀಟರ್, +1ರೊಂದಿಗೆ 1 ಮೀಟರ್, +2ರೊಂದಿಗೆ 50 ಸೆಂ.ಮೀ. ದೂರದ ವಸ್ತು ಸ್ಪಷ್ಟವಾಗುತ್ತದೆ. ಅದಕ್ಕಿಂತ ದೂರದ್ದು ಮಸುಕು. ಲೆನ್ಸನ್ನು ಒಂದೂವರೆ ಮೀಟರಿಗೆ ತಿರುಗಿಸಿದರೆ ಈ ದೂರಗಳು ಕ್ರಮವಾಗಿ ಸುಮಾರು 86, 60 ಮತ್ತು 37 ಸೆಂ.ಮೀ.ಗೆ ಇಳಿಯುತ್ತವೆ. +1 ಒಂದನ್ನೇ ಕೊಂಡರೆ ಒಂದೂವರೆ ಮೀಟರಿಗೂ ಒಂದು ಮೀಟರಿಗೂ ನಡುವೆ ಯಾವುದೂ ಸ್ಪಷ್ಟವಾಗದ ಕಂದಕ ಉಳಿಯುತ್ತದೆ. ಅದನ್ನು ಮುಚ್ಚುವುದು +½. ಇನ್ನು ಪೂರ್ಣ ಜೂಮಿನಲ್ಲಿ +1 ಹಾಕಿ 60 ಸೆಂ.ಮೀ.ನಿಂದ ನೋಡಿದರೆ ಚಿತ್ರದ ಅಗಲದಲ್ಲಿ ಕಾಣುವುದು ಸುಮಾರು 5 ಸೆಂ.ಮೀ. ಭಾಗ. ಒಂದು ಕಣ್ಣು, ಅದರ ಸುತ್ತಲ ಚಿಟ್ಟಿಯ ಸಾಲು ಅಷ್ಟರಲ್ಲಿ ಹಿಡಿಯುತ್ತದೆ. ಹಾಗಿರುವಾಗ ಇನ್ನೂ ಹತ್ತಿರ ಹೋಗಿ ಕಲಾವಿದರ ಕನ್ನಡಿಗೆ ಅಡ್ಡ ನಿಲ್ಲುವ ಅಗತ್ಯವೇನು? +½ ಮತ್ತು +1 ಸಾಕೆಂದು ಅವನು ನಿರ್ಧರಿಸಿದ.

ಮುಂದಿನ ಪ್ರಶ್ನೆ ಗಾಜಿನದು. ಒಂಟಿ ಗಾಜಿನ ಫಿಲ್ಟರ್ ಅಗ್ಗ. ಆದರೆ ಅದು ಬೇರೆ ಬೇರೆ ಬಣ್ಣದ ಬೆಳಕನ್ನು ಬೇರೆ ಬೇರೆ ದೂರದಲ್ಲಿ ಕೂಡಿಸುತ್ತದೆ. ಜೂಮ್ ಹೆಚ್ಚಿದಷ್ಟೂ ಆ ದೋಷ ಹಿಗ್ಗಿ, ಕಪ್ಪು ಬಣ್ಣದ ಮೇಲಿನ ಬಿಳಿ ಚಿಟ್ಟಿಯ ಅಂಚಿನಲ್ಲಿ ನೇರಳೆ ಛಾಯೆ ಮೂಡೀತು. ಕಲಾವಿದರು ಇಡದ ಬಣ್ಣವನ್ನು ಅವರ ಮುಖಕ್ಕೆ ಹಚ್ಚುವ ದಾಖಲೆ ಸುಳ್ಳುಸಾಕ್ಷಿಯೇ ಸರಿ. ಆದುದರಿಂದ ಎರಡು ಬಗೆಯ ಗಾಜುಗಳನ್ನು ಜೋಡಿಸಿ ಈ ದೋಷವನ್ನು ತಗ್ಗಿಸಿದ ಅಕ್ರೋಮ್ಯಾಟ್ ಫಿಲ್ಟರನ್ನೇ, ಬೆಲೆ ಹೆಚ್ಚಾದರೂ, ಅವನು ಆರಿಸಿದ. ಕಿರಿದಾದ ಫಿಲ್ಟರ್ ಹಾಕಿದರೆ ಜೂಮಿನ ಅಗಲ ನೋಟದಲ್ಲಿ ಮೂಲೆಗಳು ಕಪ್ಪಾಗುತ್ತವೆ. ಅದಕ್ಕಾಗಿ ಲೆನ್ಸಿನ ಮುಂಭಾಗವನ್ನು ಅಳೆದು, ಅದಕ್ಕಿಂತ ದೊಡ್ಡ ಫಿಲ್ಟರನ್ನು ಕೊಂಡು ಬಳೆಯೊಂದರ ಮೂಲಕ ಜೋಡಿಸಿದ. ಫಿಲ್ಟರ್ ಹಾಕಿದ ಮೇಲೆ ಲೆನ್ಸಿನ ಮೈಮೇಲೆ ಕೆತ್ತಿದ ದೂರದ ಅಂಕಿಗಳನ್ನು ನಂಬುವಂತಿಲ್ಲ. ಪೂರ್ಣ ಜೂಮಿನಲ್ಲಿ ಕಣ್ಣಾರೆ ಸ್ಪಷ್ಟತೆ ನೋಡಿಕೊಂಡು, ಬಳಿಕ ಬೇಕಾದಷ್ಟು ಅಗಲಿಸಬೇಕು.

ಚೌಕಿಯಲ್ಲಿ ಆ ರಾತ್ರಿ ಕ್ಯಾಮೆರಾ ಕಲಾವಿದರ ಓರೆಯಲ್ಲಿ, ಕೈಗೆ ತಾಗದಷ್ಟು ದೂರದಲ್ಲಿ ನಿಂತಿತು. ಅವರು ಅದರತ್ತ ತಿರುಗಲಿಲ್ಲ. ಕನ್ನಡಿಯನ್ನೇ ನೋಡುತ್ತ, ಒಂದು ಸಾಲು ಒಣಗಿದ ಮೇಲೆ ಇನ್ನೊಂದನ್ನಿಡುತ್ತ ತಮ್ಮ ಕೆಲಸದಲ್ಲಿ ಮುಳುಗಿದ್ದರು. ಮುಂದೆ ಶಾಲೆಯೊಂದರಲ್ಲಿ ಆ ಚಿತ್ರ ತೋರಿಸಿದಾಗ ಮಕ್ಕಳು ಚಿಟ್ಟಿಯ ಸಾಲುಗಳನ್ನು ಬೆರಳು ಮಡಚಿ ಎಣಿಸಿದರು. ಎಣಿಸಲು ಸಾಧ್ಯವಾದುದನ್ನು ಮುಂದೊಂದು ದಿನ ಯಾರಾದರೂ ಕಲಿಯಲೂ ಸಾಧ್ಯ.