ಬೊಳ್ಳಿ ಮತ್ತು ಅವಳ ಆರು ಮರಿಗಳು

ಮೊಲ ಸಾಕುವ ಯೋಚನೆ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಪೆರ್ಲದ ಹತ್ತಿರ ನಮ್ಮದು ಸಣ್ಣ ಅಡಿಕೆ ತೋಟ. ಈ ವರ್ಷ ತಪಸ್ಸುಕಾಲದ ಸುರುವಿಗೆ ಪಕ್ಕದ ಬಾಡಿಗೆ ಮನೆಯವರು ಬಿಟ್ಟು ಹೋದರು. ಎರಡು ದಿನ ಕಳೆದ ಮೇಲೆ ಅವರ ಹಿತ್ತಿಲಲ್ಲಿ ತಮ್ಮನಿಗೆ ಒಂದು ಗೂಡು ಕಾಣಿಸಿತು. ಒಳಗೊಂದು ಬಿಳಿ ಮೊಲ. ನೀರಿನ ಪಾತ್ರೆ ಒಣಗಿತ್ತು. ಅಪ್ಪ ಅವರಿಗೆ ಫೋನ್ ಮಾಡಿದಾಗ "ನೀವೇ ಇಟ್ಟುಕೊಳ್ಳಿ" ಎಂದರಂತೆ. ಬಣ್ಣ ನೋಡಿ ಅಜ್ಜಿ ಅದನ್ನು ಬೊಳ್ಳಿ ಎಂದು ಕರೆದರು. ತುಳುವಿನಲ್ಲಿ ಬೊಳ್ಳಿ ಎಂದರೆ ಬೆಳ್ಳಿ.

ಮೃಗಾಸ್ಪತ್ರೆಯ ಡಾಕ್ಟರು ಬೊಳ್ಳಿಯ ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ ನೋಡಿ, ಗಬ್ಬ ಇದೆ ಎಂದು ಮಲಯಾಳದಲ್ಲಿ ಹೇಳಿದರು. ಮೊಲ ಸುಮಾರು 31 ದಿನಕ್ಕೆ ಮರಿ ಹಾಕುತ್ತದೆ. ಎಂದಿನಿಂದ ಲೆಕ್ಕ ಹಿಡಿಯುವುದೆಂದು ನಮಗೆ ಗೊತ್ತಿಲ್ಲದ ಕಾರಣ ಅಂದೇ ತಯಾರಿ ಮಾಡಿದೆವು. ಅಪ್ಪ ಒಂದು ಮರದ ಪೆಟ್ಟಿಗೆ ಮಾಡಿದರು. ತಾಯಿ ಹಾರಿ ಒಳಗೆ ಹೋಗಬೇಕು, ಮರಿಗಳು ಉರುಳಿ ಹೊರಗೆ ಬೀಳಬಾರದು, ಅಷ್ಟು ಎತ್ತರ. ಅದರಲ್ಲಿ ಒಣ ಬೈಹುಲ್ಲು ಹಾಕಿದೆವು. ತಿನ್ನಲಿಕ್ಕೆ ಮುಖ್ಯವಾಗಿ ಹುಲ್ಲು. ಕ್ಯಾರೆಟಿನಲ್ಲಿ ಸಿಹಿ ಜಾಸ್ತಿ, ಒಂದೆರಡು ತುಂಡು ಸಾಕು. ಮಾರ್ಚಿನ ಸೆಕೆ ಮೊಲಕ್ಕೆ ತಡೆಯುವುದಿಲ್ಲ. ಹಾಗಾಗಿ ಮಧ್ಯಾಹ್ನ ಬಾಟಲಿಯಲ್ಲಿ ನೀರನ್ನು ಮಂಜುಗಡ್ಡೆ ಮಾಡಿ ಬಟ್ಟೆ ಸುತ್ತಿ ಗೂಡಿನಲ್ಲಿ ಇಡುತ್ತಿದ್ದೆವು.

ಒಂದು ಸಂಜೆ ಬೊಳ್ಳಿ ಬಾಯಿ ತುಂಬ ಹುಲ್ಲು ಕಚ್ಚಿಕೊಂಡು ಪೆಟ್ಟಿಗೆಗೆ ಹೋಗಿ ಬಂದು ಮಾಡತೊಡಗಿದಳು. ಆಮೇಲೆ ತನ್ನದೇ ಎದೆ, ಹೊಟ್ಟೆಯ ರೋಮ ಕಿತ್ತು ಹಾಸಿದಳು. ಬೆಳಗ್ಗೆ ನೋಡುವಾಗ ಆ ರೋಮದ ಕೆಳಗೆ ಆರು ಮರಿಗಳು. ಮೈಯಲ್ಲಿ ಕೂದಲಿಲ್ಲ, ಕಣ್ಣು ಮುಚ್ಚಿದೆ, ನಮ್ಮ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಒಂದು ಸತ್ತಿತ್ತು. ಅದನ್ನು ಕೂಡಲೇ ತೆಗೆಯಬೇಕೆಂದು ಡಾಕ್ಟರು ಮೊದಲೇ ಹೇಳಿದ್ದರು. ಸಾಕುಮೊಲದ ಮರಿಯನ್ನು ಕೈ ತೊಳೆದು ಮುಟ್ಟಿದರೆ ತಾಯಿ ಬಿಡುವುದಿಲ್ಲ ಎಂದೂ ಹೇಳಿದ್ದರು.

ಆ ಇಡೀ ದಿನ ಬೊಳ್ಳಿ ಪೆಟ್ಟಿಗೆಯ ಕಡೆಗೆ ತಿರುಗಿಯೂ ನೋಡಲಿಲ್ಲ. ದೂರದ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದಳು. ಅಜ್ಜಿಗೆ ತಡೆಯಲಿಲ್ಲ.

"ತಾಯಿ ಬಿಟ್ಟಿದೆ ಮಗಾ. ಅದಕ್ಕೆ ಮಕ್ಕಳ ಮೋಹ ಇಲ್ಲ. ದನದ ಹಾಲು ಹಾಕುವ."

ತಮ್ಮ ಏನೂ ಹೇಳದೆ ಒಳಗೆ ಹೋದ. ನಮ್ಮ ಅಮ್ಮ ಮೂರು ವರ್ಷದಿಂದ ಕುವೈತಿನಲ್ಲಿ ನರ್ಸ್. ಮದುವೆ ಮನೆಗಳಲ್ಲಿ, ಅಂಗಡಿಯಲ್ಲಿ, "ಪಾಪ, ಮಕ್ಕಳನ್ನು ಬಿಟ್ಟು ಹೋಗಿದ್ದಾಳೆ" ಎಂಬ ಮಾತು ಅವನ ಕಿವಿಗೆ ಎಷ್ಟೋ ಸಲ ಬಿದ್ದಿದೆ. ಅವನಿಗೆ ಹನ್ನೊಂದು ವರ್ಷ.

ನಾನು ಡಾಕ್ಟರಿಗೆ ಫೋನ್ ಮಾಡಿದೆ. ದನದ ಹಾಲು ಬೇಡವೇ ಬೇಡ, ಬೆಳಗ್ಗೆ ಮರಿಗಳ ಹೊಟ್ಟೆ ನೋಡಿ ಎಂದರು. ಮೊಲ ಮರಿಗಳ ಮೇಲೆ ಕೂತು ಕಾವು ಕೊಡುವ ಪ್ರಾಣಿಯಲ್ಲ. ದಿನಕ್ಕೆ ಒಂದೋ ಎರಡೋ ಸಲ, ಹೆಚ್ಚಾಗಿ ರಾತ್ರಿ ಅಥವಾ ನಸುಕಿನಲ್ಲಿ ಬಂದು ಮೂರ್ನಾಲ್ಕು ನಿಮಿಷ ಹಾಲೂಡಿಸಿ ಹೋಗುತ್ತದೆ. ಆ ಹಾಲು ಅಷ್ಟು ದಪ್ಪ, ಒಂದು ದಿನಕ್ಕೆ ಸಾಕಾಗುತ್ತದೆ. ಕಾಡಿನಲ್ಲಿ ಅದು ಗೂಡಿನ ಹತ್ತಿರವೇ ಇದ್ದರೆ ನರಿ, ಹಾವುಗಳಿಗೆ ಮರಿಗಳ ಜಾಗ ಗೊತ್ತಾಗುತ್ತದೆ. ದೂರ ಇರುವುದೂ ಕಾಯುವ ಒಂದು ಕ್ರಮ.

ಬೆಳಗ್ಗೆ ತಮ್ಮನೇ ಮೊದಲು ಎದ್ದು ನೋಡಿದ. "ಅಕ್ಕಾ, ಹೊಟ್ಟೆ ತುಂಬಿದೆ! ಒಳಗಿನ ಹಾಲು ಕಾಣ್ತದೆ!" ನಿಜ, ತೆಳ್ಳಗಿನ ಚರ್ಮದ ಅಡಿಯಲ್ಲಿ ಬೆಳ್ಳಗೆ ಹಾಲು ಕಾಣುತ್ತಿತ್ತು. ಅಜ್ಜಿಯ ಹತ್ತಿರ ಓಡಿ ಹೋಗಿ, "ಅದು ಬಿಡ್ಲಿಲ್ಲ ಅಜ್ಜಿ, ರಾತ್ರಿ ಬರ್ತದೆ" ಎಂದ. ಅಜ್ಜಿ ಅವನ ತಲೆ ಸವರಿದರು, ಮಾತಾಡಲಿಲ್ಲ.

ಎಲ್ಲವೂ ಸರಿಯಾಗಲಿಲ್ಲ. ಐದರಲ್ಲಿ ಒಂದು ತೀರಾ ಸಣ್ಣದು. ಉಳಿದವು ಅದನ್ನು ನೂಕುತ್ತಿದ್ದವು, ಅದರ ಹೊಟ್ಟೆ ಸುಕ್ಕುಗಟ್ಟಿತ್ತು. ಬೊಳ್ಳಿಯನ್ನು ಮಡಿಲಲ್ಲಿ ಹಿಡಿದು ಅದೊಂದಕ್ಕೇ ಮೊದಲು ಹಾಲೂಡಿಸಿದೆವು. ಐದನೆಯ ದಿನ ಅದು ಹೋಯಿತು. ತಮ್ಮ ಮಲ್ಲಿಗೆ ಗಿಡದ ಬುಡದಲ್ಲಿ ಹುಗಿದ. ಆ ರಾತ್ರಿ ಜಪಸರದ ಕೊನೆಗೆ ಅಮ್ಮನಿಗಾಗಿ ಪ್ರಾರ್ಥಿಸುವಾಗ ಉಳಿದ ನಾಲ್ಕು ಮರಿಗಳನ್ನೂ ಸೇರಿಸಿದ. ಹನ್ನೊಂದು ಗಂಟೆಗೆ ಡ್ಯೂಟಿ ಮುಗಿಸಿ ಅಮ್ಮ ಫೋನ್ ಮಾಡಿದಾಗ ಮೊದಲ ಬಾರಿಗೆ ಅವನು ಫೋನನ್ನು ನನಗೆ ಕೊಡದೆ ಮಾತಾಡಿದ.

ಒಂದು ವಾರದಲ್ಲಿ ಮರಿಗಳ ಮೈಮೇಲೆ ರೋಮ ಬಂತು, ಹತ್ತನೇ ದಿನ ಕಣ್ಣು ಬಿಟ್ಟವು. ಮೂರನೇ ವಾರ ಪೆಟ್ಟಿಗೆಯಿಂದ ಹೊರಗೆ ಹಾರಿ ತಾಯಿಯ ಹುಲ್ಲಿಗೇ ಬಾಯಿ ಹಾಕಿದವು. ಈಗ ಎಂಟು ವಾರ ತುಂಬಿದೆ, ಹಾಲು ಬಿಟ್ಟಿವೆ. ಎರಡನ್ನು ನಮ್ಮದೇ ಇಗರ್ಜಿಯ ಒಂದು ಕುಟುಂಬ ಕೊಂಡುಹೋಗಿದೆ. ಮಾಂಸಕ್ಕೆ ಕೇಳಿದವರೂ ಇದ್ದಾರೆ. ಅದಕ್ಕೆಂದೇ ಸಾಕುವವರು ಸಾಕಲಿ, ಈ ನಾಲ್ಕನ್ನು ಮಾತ್ರ ಕೊಡುವುದಿಲ್ಲ ಎಂದು ಅಪ್ಪ ಹೇಳಿದರು.

ಇನ್ನೆರಡು ಮರಿ ಉಂಟು. ಬೇಕಾದವರು ಆದಿತ್ಯವಾರ ಪೂಜೆಯ ನಂತರ ನಮ್ಮಲ್ಲಿ ಕೇಳಬಹುದು. ಆದರೆ ಮಕ್ಕಳ ಹಠಕ್ಕೆ ಒಂದು ತಿಂಗಳ ಆಟಿಕೆಯಾಗಿ ಬೇಡ. ಚೆನ್ನಾಗಿ ನೋಡಿಕೊಂಡರೆ ಮೊಲ ಎಂಟು ಹತ್ತು ವರ್ಷ ಬದುಕುತ್ತದೆ. ಗಂಡು ಹೆಣ್ಣನ್ನು ಮೂರು ತಿಂಗಳೊಳಗೆ ಬೇರೆ ಮಾಡಬೇಕು, ಮರಿ ಹಾಕಿದ ದಿನವೇ ಮತ್ತೆ ಗಬ್ಬ ನಿಲ್ಲುವ ಪ್ರಾಣಿ ಅದು. ಮನೆ ಬಿಟ್ಟು ಹೋಗುವ ಸಂದರ್ಭ ಬಂದರೆ ಗೂಡಿನಲ್ಲಿ ಬಿಟ್ಟು ಹೋಗಬೇಡಿ, ಒಂದು ಫೋನ್ ಮಾಡಿ. ತಮ್ಮ ಸೈಕಲಿನಲ್ಲಿ ಬಂದು ಕರೆದುಕೊಂಡು ಹೋಗುತ್ತಾನೆ.