ಲಕ್ಷ್ಮಿಯ ಕೈಬಳೆ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅಮ್ಮ ನನಗೆ ಸಾವಿರ ಸಲ ಹೇಳಿದ್ದಾಳೆ. ಹಳದಿಯಾಗಿ ಹೊಳೆಯುವುದರ ವಿಚಾರ ಮಾತ್ರ ನಾನೇ ಪೆಟ್ಟು ತಿಂದು ಕಲಿಯಬೇಕಾಯಿತು.

ನನ್ನ ತವರು ಪೀಣ್ಯದ ಪಕ್ಕದ ದಾಸರಹಳ್ಳಿ. ಅಲ್ಲಿ ನಡುಮನೆಯ ಗೋಡೆಗೆ ಅಜ್ಜಿಯ ಕಾಲದ ಗಜಲಕ್ಷ್ಮಿಯ ಪಟವಿದೆ, ಮೈಸೂರು ಶೈಲಿಯದು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಕಲೆ. ಸಫೇದಾ ಪುಡಿಯನ್ನು ಅಂಟಿನಲ್ಲಿ ಕಲಸಿ, ಒಡವೆಯನ್ನೂ ಸೀರೆಯಂಚನ್ನೂ ತುಸುವೇ ಉಬ್ಬಿಸಿ, ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ತಂಜಾವೂರು ಪಟದ ದಪ್ಪ ಉಬ್ಬು, ಕಲ್ಲಿನ ಥಳುಕು ಇದಕ್ಕಿಲ್ಲ.

1984ರಲ್ಲಿ ಅಪ್ಪ ಪೀಣ್ಯದಲ್ಲಿ ಲೇತ್ ಮೆಷಿನ್ನಿನ ಶೆಡ್ಡು ಹಾಕಿದಾಗ ಅಮ್ಮನ ನಾಲ್ಕು ಬಳೆ ಗಿರವಿಗೆ ಹೋದವು. ಮನೆಯಲ್ಲಿ ಉಳಿದ ಚಿನ್ನವೆಂದರೆ ಅಮ್ಮನ ಮಾಂಗಲ್ಯ, ಮತ್ತೆ ಗೋಡೆಯ ಲಕ್ಷ್ಮಿಯ ಮೈಮೇಲಿದ್ದದ್ದು.

ನನ್ನ ಮದುವೆಯಾದ ಮೇಲೆ ಒಂದು ಮಳೆಗಾಲ ಗೋಡೆ ಒಸರಿ, ಲಕ್ಷ್ಮಿಯ ಕೈಬಳೆಯ ರೇಕು ಎದ್ದುಬಂತು. ನಾನು ಪೇಟೆಯಿಂದ ಅಗ್ಗದ ರೇಕು ತಂದು ಅಂಟಿಸಿದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು! ಎರಡು ವರ್ಷಕ್ಕೆ ಬಳೆ ಹಸಿರುಗಟ್ಟಿ ಕಪ್ಪಾಯಿತು. ನಾನು ತಂದದ್ದು ತಾಮ್ರ, ಸತು ಬೆರೆತ ಹಿತ್ತಾಳೆ ರೇಕು. ಮೇಲೆ ವಾರ್ನಿಷ್ ಬಳಿಯದಿದ್ದರೆ ಅದು ಗಾಳಿಗೆ ಕಂದುತ್ತದೆ.

ಅಮ್ಮ ಬೈಯಲಿಲ್ಲ. “ಲಕ್ಷ್ಮಿಗೂ ನನ್ನ ಹಾಗೇ ಗಿಲೀಟು ಬಳೆ ತೊಡಿಸಿದೆಯಲ್ಲೇ” ಎಂದು ನಕ್ಕಳು.

ಬೈದಿದ್ದರೇ ಚೆನ್ನಾಗಿತ್ತು. ಶೆಡ್ಡು ನಡೆಯಿತು, ನನ್ನ ಮದುವೆಯಾಯಿತು, ತಮ್ಮ ಓದಿ ಕೆಲಸ ಹಿಡಿದ. ಬಳೆಗಳು ಗಿರವಿಯಲ್ಲೇ ಮುಳುಗಿದವು. ಅಮ್ಮನಿಗೆ ಬೇರೆ ಮಾಡಿಸೋಣವೆಂದು ನಮ್ಮಲ್ಲಿ ಯಾರಿಗೂ ತೋಚಿರಲಿಲ್ಲ.

ತಮ್ಮ ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದಾನೆ. “ಅಕ್ಕಾ, ಸರ್ಕ್ಯೂಟ್ ಬೋರ್ಡಿನ ತುದಿಗಳಿಗೂ ಚಿನ್ನದ ಲೇಪ ಕೊಡ್ತಾರೆ. ಚಂದಕ್ಕಲ್ಲ, ಕಿಲುಬು ಹಿಡಿಯಲ್ಲ ಅಂತ” ಎಂದ. ಒಂದು ಗ್ರಾಂ ಚಿನ್ನವನ್ನು ಬಡಿದರೆ ಹೆಚ್ಚುಕಡಿಮೆ ಒಂದು ಚದರ ಮೀಟರ್ ರೇಕಾಗುತ್ತದಂತೆ. ಅಷ್ಟು ತೆಳುವಾದರೂ ಅಪ್ಪಟ ಚಿನ್ನ ಬಣ್ಣಗೆಡುವುದಿಲ್ಲ.

ಹೋದ ಶ್ರಾವಣದಲ್ಲಿ ಅಪ್ಪಟ ರೇಕನ್ನೇ ತಂದೆ. ಫ್ಯಾನು ಆರಿಸಿ, ಕಿಟಕಿ ಮುಚ್ಚಿ ತಾಯಿ ಮಗಳು ಕೂತೆವು. ಉಸಿರು ತಾಗಿದರೂ ಹಾರಿಹೋಗುವ ವಸ್ತು ಅದು. ಕಪ್ಪನ್ನು ಕೆರೆದು, ಅಂಟು ಬಳಿದು, ಜಿಗುಟು ಆರುವ ಮೊದಲೇ ರೇಕಿಟ್ಟು ಹತ್ತಿಯಿಂದ ಒತ್ತಿದೆ. ಉಳಿದ ಒಂದು ಚೂರು ಅಮ್ಮನ ಮಣಿಕಟ್ಟಿಗೆ ಅಂಟಿತು. ಒರೆಸಲು ಹೋದೆ.

“ಇರಲಿ ಬಿಡೇ, ಇದನ್ನು ಯಾರೂ ಗಿರವಿ ಇಟ್ಟುಕೊಳ್ಳಲ್ಲ” ಎಂದಳು.

ಅಂದೇ ತಮ್ಮನಿಗೆ ಫೋನು ಮಾಡಿದೆ. ಎರಡು ಬಳೆಗಾದರೂ ಆಗಲೆಂದು ಇಬ್ಬರೂ ದುಡ್ಡು ಕೂಡಿಡುತ್ತಿದ್ದೇವೆ. ಚಿನ್ನದ ದರ ನಮಗಿಂತ ಜೋರಾಗಿ ಓಡುತ್ತಿದೆ. ಆದರೂ ಈ ಸಲ ಬಿಡುವುದಿಲ್ಲ.